ಹಲಸಿನ ಹಣ್ಣಿಗೆ ಇದ್ದಿಲೋ, ಮಸಿಯೋ, ಜಲವರ್ಣವೋ?

ಗುಬ್ಬಿ ತಾಲ್ಲೂಕಿನ ಚೇಳೂರು ಕಡೆಯ ಸಿದ್ದು ಹಲಸು ಗಾತ್ರದಲ್ಲಿ ಚಿಕ್ಕದು. ಎರಡೂವರೆ ಕೆ.ಜಿ. ಆಸುಪಾಸಿನ ಹಣ್ಣು ಮೇಜಿನ ಮೇಲೆ ಸಲೀಸಾಗಿ ಕೂರುವುದರಿಂದ, ಇಂಥ ರೂಪಗಳಿಗೆ ಯಾವ ಮಾಧ್ಯಮ ಒಗ್ಗುತ್ತದೆಂದು ತಿಳಿಯಲು ತುಮಕೂರಿನ ಮನೆಯಲ್ಲಿ ಒಂದೇ ಹಣ್ಣನ್ನು ಮೂರು ದಿನ ಎದುರಿಗಿಟ್ಟುಕೊಂಡು ಮೂರು ಬಗೆಯಲ್ಲಿ ಬರೆದೆ. ಅದರ ಘಮಕ್ಕೆ ನಾಲ್ಕನೆಯ ದಿನ ಮನೆಯವರು ತಾಳಲಿಲ್ಲ.

ಇದ್ದಿಲಿನ ಕಡ್ಡಿಯನ್ನು ಮಲಗಿಸಿ ಎಳೆದರೆ ಐದೇ ನಿಮಿಷದಲ್ಲಿ ಹಣ್ಣಿನ ದುಂಡುತನವೂ ಭಾರವೂ ಕಾಗದಕ್ಕೆ ಇಳಿಯುತ್ತವೆ. ಆದರೆ ಮುಳ್ಳುಗಳು ಬೆರಳಿನಡಿ ಕಲೆಸಿಹೋದವು. ತಪ್ಪನ್ನು ಸುಲಭವಾಗಿ ಒರೆಸಬಹುದಾದ್ದರಿಂದ ನಾನು ನೋಡುವುದಕ್ಕಿಂತ ಒರೆಸಿದ್ದೇ ಹೆಚ್ಚು. ಇದ್ದಿಲಿನ ಪುಡಿ ಉದುರದಂತೆ ಹಿಡಿದಿಡುವ ಫಿಕ್ಸೆಟಿವ್ ದ್ರವ ಹಾಕದೆ ಸುರುಳಿ ಸುತ್ತಿ ಬಸ್ಸಿನಲ್ಲಿ ಗೆಳೆಯರ ಮನೆಗೆ ಒಯ್ದಾಗ ಅರ್ಧ ಹಲಸು ಕಾಗದದ ಹಿಂಬದಿಗೆ ಅಂಟಿಕೊಂಡಿತ್ತು.

ಮಸಿಯಲ್ಲಿ ಅದ್ದಿ ಬರೆಯುವ ನಿಬ್ಬಿನದು ಬೇರೆಯೇ ಶಿಸ್ತು. ಮೊದಲ ಪ್ರಯತ್ನದಲ್ಲಿ ಮುಳ್ಳುಗಳನ್ನು ಹೆಂಚು ಹೊದಿಸಿದಂತೆ ಸಾಲಾಗಿ ಬರೆದು ಕೆಡಿಸಿದೆ. ಅಳಿಸಲಾಗದ ಕಾರಣ ಎರಡನೆಯ ಸಲ ಪ್ರತಿ ಗೆರೆಗೂ ಮುನ್ನ ಹಣ್ಣನ್ನು ನೋಡಲೇಬೇಕಾಯಿತು. ಆಗ ಕಂಡದ್ದು: ಅಕ್ಕಪಕ್ಕದವು ಒತ್ತುವುದರಿಂದ ಮುಳ್ಳಿನ ಬುಡ ಬಹುಮಟ್ಟಿಗೆ ಐದಾರು ಮೂಲೆಗಳದ್ದಾಗುತ್ತದೆ; ತೊಟ್ಟಿನ ಬಳಿ ಮುಳ್ಳುಗಳು ಸಣ್ಣವಾಗಿ ಕಿಕ್ಕಿರಿದಿರುತ್ತವೆ, ಹೊಟ್ಟೆಯ ಮೇಲೆ ಅಗಲವಾಗಿ ಮೊಂಡಾಗುತ್ತವೆ. ಹಲಸು ಅನೇಕ ಹೂಗಳು ಕೂಡಿ ಆದ ಹಣ್ಣು, ಒಂದೊಂದು ಮುಳ್ಳೂ ಒಂದೊಂದು ಹೂವಿನ ತುದಿ ಎಂಬುದನ್ನು ಓದಿ ಬಲ್ಲೆನಾದರೂ ಗೆರೆ ಎಳೆದಾಗಲೇ ಅದು ಕಣ್ಣಿಗೆ ಹತ್ತಿತು. ನೆರಳಿಗೆ ಬೂದು ಬಣ್ಣ ಬೇಕಾಗಲಿಲ್ಲ; ಅಂಚಿನತ್ತ ಗೆರೆಗಳ ನಡುವಿನ ಜಾಗ ಕಿರಿದಾಗಿಸಿದರೆ ಸಾಕಾಯಿತು. ಒಂದು ಮಗ್ಗುಲಿಗೇ ನಾಲ್ಕು ಗಂಟೆ ಹಿಡಿಯಿತು. ಅಗ್ಗದ ಕಾಗದದ ಎಳೆಗೆ ನಿಬ್ ಸಿಕ್ಕಿ ಮಸಿ ಚೆಲ್ಲುತ್ತದೆ, ಆದ್ದರಿಂದ ನಯವಾದ ದಪ್ಪ ಕಾಗದವೇ ಬೇಕು.

300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ತೂಕದ ದಪ್ಪ ಕಾಗದದ ಮೇಲೂ ಜಲವರ್ಣದ ಸಿಪ್ಪೆ ನೀರಸವಾಗಿತ್ತು. ಹಣ್ಣು ಕೊಯ್ದ ಮೇಲೆ ಮಾತು ಬದಲಾಯಿತು: ಈ ತಳಿಯ ತೊಳೆಯ ತಾಮ್ರಗೆಂಪನ್ನು ಕಪ್ಪಿನಲ್ಲಿ ಹೇಳಲಾಗದು. ಹೀಗಾಗಿ ತೊಳೆಗಳ ನಡುವಿನ ನಾರುಗಳನ್ನು ನೀರಿಗೆ ಕದಡದ ಇಂಡಿಯನ್ ಇಂಕಿನಲ್ಲಿ ಬರೆದು, ಒಣಗಿದ ಮೇಲೆ ಬಣ್ಣ ಹರಿಸಿದೆ.

ನನ್ನ ಆಯ್ಕೆ ಮಸಿ. ಕಾಂಡಕ್ಕೇ ಕಾಯಿ ಬಿಟ್ಟು ನಿಂತ ಇಡೀ ಮರವನ್ನು ಬರೆಯುವುದಾದರೆ ಮಾತ್ರ ಇದ್ದಿಲನ್ನೇ ಕೈಗೆತ್ತಿಕೊಳ್ಳುತ್ತೇನೆ.