ಹಾಲು ಬಿಡಿಸುವಾಗ ಎದೆಗೆ ಕೋಸೋ, ಮಲ್ಲಿಗೆಯೋ, ಬಿಗಿ ಬಟ್ಟೆಯೋ?

ಮಗುವಿಗೆ ಹಾಲು ಬಿಡಿಸುವುದು ಹೇಗೆ ಅಂತ ಹೇಳಿಕೊಡುವವರು ಬೇಕಾದಷ್ಟು ಜನ. ಬೇವಿನ ಸೊಪ್ಪು ಅರೆದು ಹಚ್ಚು, ರಾತ್ರಿ ಅಜ್ಜಿ ಹತ್ತಿರ ಮಲಗಿಸು, ಇತ್ಯಾದಿ. ಬಿಡಿಸಿದ ಮೇಲೆ ತಾಯಿಯ ಪಾಡೇನು ಅಂತ ಹೇಳುವವರು ಕಡಿಮೆ. ಎದೆ ಕಲ್ಲಾಗುತ್ತದೆ, ಕಂಕುಳವರೆಗೂ ಸೆಳೆತ, ಮಗ್ಗುಲಾಗಿ ಮಲಗುವ ಹಾಗಿಲ್ಲ.

ಮಗಳಿಗೆ ನಾನು ಒಂದೇ ಸಲಕ್ಕೆ ಬಿಡಿಸಬೇಕಾಯಿತು, ಕೆಲಸದ ಮೇಲೆ ಬೇರೆ ಊರಿಗೆ ಹೋಗಲೇಬೇಕಿತ್ತು. ಮಗನಿಗೆ ನಿಧಾನವಾಗಿ ಬಿಡಿಸಿದೆ. ಮೊದಲು ಮಧ್ಯಾಹ್ನದ್ದು, ಎದೆ ಒಗ್ಗಿಕೊಂಡ ಮೇಲೆ ಸಂಜೆಯದ್ದು, ಕೊನೆಗೆ ರಾತ್ರಿಯದ್ದು. ಹಾಗಾಗಿ ಮದ್ದುಗಳ ಪರೀಕ್ಷೆಯೆಲ್ಲ ನಡೆದದ್ದು ಮಗಳ ಸಲವೇ. ಮಗನ ಸಲ ಬೇಕಾಗಲೇ ಇಲ್ಲ.

ಅತ್ತೆ ಹೇಳಿದ್ದು ಹಳೇ ಸೀರೆಯ ಬಟ್ಟೆ ಬಿಗಿಯಾಗಿ ಸುತ್ತಿಕೊಳ್ಳುವುದು. ಇದು ನನಗೆ ಸ್ವಲ್ಪವೂ ಸೇರಲಿಲ್ಲ. ನೋವು ಜಾಸ್ತಿಯಾಯಿತು, ಒಂದು ಕಡೆ ಗಂಟು ಕಟ್ಟಿತು. ಬಿಗಿದರೆ ಹಾಲಿನ ನಾಳ ಕಟ್ಟಿಕೊಂಡು ಬಾವು ಬರಬಹುದು ಅಂತ ಡಾಕ್ಟರೂ ಬೇಡ ಅಂದರು. ಒಳಗೆ ತಂತಿಯಿಲ್ಲದ, ಹಿತವಾಗಿ ಎತ್ತಿ ಹಿಡಿಯುವ ಬ್ರಾ ಸಾಕು.

ಆಮೇಲೆ ಎಡಕ್ಕೆ ಫ್ರಿಜ್ಜಿನಲ್ಲಿಟ್ಟ ಎಲೆಕೋಸಿನ ಎಲೆ, ಬಲಕ್ಕೆ ತಣ್ಣೀರು ಬಟ್ಟೆ ಇಟ್ಟು ನೋಡಿದೆ. ಎಲೆಯ ದಪ್ಪ ನರ ಕೊಯ್ದು, ಲಟ್ಟಣಿಗೆಯಿಂದ ಸ್ವಲ್ಪ ಒತ್ತಿದರೆ ಎದೆಗೆ ಸರಿಯಾಗಿ ಕೂರುತ್ತದೆ. ನೋವು ಇಳಿದದ್ದು ಎರಡರಲ್ಲೂ ಒಂದೇ. ಆದರೆ ಬಟ್ಟೆಯನ್ನು ಮತ್ತೆ ಮತ್ತೆ ಅದ್ದಬೇಕು, ರವಿಕೆಯೂ ಒದ್ದೆ. ಕೋಸು ಬಾಡುವವರೆಗೆ ತೆಪ್ಪಗಿರುತ್ತದೆ. ವಾಸನೆ ಮಾತ್ರ ದೇವರಿಗೇ ಪ್ರೀತಿ! 1995ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲೂ ಹೀಗೇ ಒಂದು ಎದೆಗೆ ಕೋಸು, ಇನ್ನೊಂದಕ್ಕೆ ತಣ್ಣನೆ ಜೆಲ್ ಪ್ಯಾಕ್ ಇಟ್ಟಿದ್ದರು. ಅಲ್ಲೂ ಗುಣ ಸಮ, ಹೆಚ್ಚಿನ ತಾಯಂದಿರಿಗೆ ಹಿಡಿಸಿದ್ದು ಕೋಸು.

ಅಮ್ಮನದು ಮಲ್ಲಿಗೆ. ದಂಡೆಯನ್ನು ಎದೆಗೆ ಕಟ್ಟಿಕೋ, ಹಾಲು ಇಂಗುತ್ತದೆ ಅಂದರು. ಸುಮ್ನೆ ಹೇಳಿದ ಮಾತಲ್ಲ ಇದು. 1988ರಲ್ಲಿ ವೆಲ್ಲೂರಿನ ವೈದ್ಯರು ಹೆರಿಗೆಯಾದ ಹೊಸತರಲ್ಲೇ ಹಾಲು ನಿಲ್ಲಿಸಬೇಕಾದ ತಾಯಂದಿರಲ್ಲಿ ಮಲ್ಲಿಗೆಯನ್ನೂ ಬ್ರೊಮೋಕ್ರಿಪ್ಟಿನ್ ಮಾತ್ರೆಯನ್ನೂ ಹೋಲಿಸಿದ್ದರು. ಹಾಲು ತರಿಸುವ ಪ್ರೊಲ್ಯಾಕ್ಟಿನ್ ಎರಡರಲ್ಲೂ ಇಳಿಯಿತು, ಮಾತ್ರೆಯಲ್ಲಿ ಜಾಸ್ತಿ. ನನಗೆ ಘಮ ಹಿತವಾಗಿತ್ತು, ಬಿಗಿತ ಹಾಗೇ ಇತ್ತು. ನನ್ನ ಮಗಳಿಗೆ ಆಗಲೇ ವರ್ಷ ದಾಟಿತ್ತು, ಅದೂ ಕಾರಣವಿರಬಹುದು. ಮಾತ್ರೆ ನಾನು ಕೇಳಲಿಲ್ಲ. ತಲೆಸುತ್ತು, ವಾಕರಿಕೆ ಬರಬಹುದು, ಬಿಪಿ ಇರುವವರಿಗೆ ಅಪಾಯ. ಡಾಕ್ಟರ್ ಬರೆದುಕೊಡದೆ ಮುಟ್ಟಬಾರದು.

ಇವೆಲ್ಲದಕ್ಕಿಂತ ಕೆಲಸ ಮಾಡಿದ್ದು ಕೈಯಿಂದ ಚೂರೇ ಚೂರು ಹಿಂಡಿ ತೆಗೆಯುವುದು. ಬಿಗಿತ ಸಡಿಲವಾಗುವಷ್ಟು ಮಾತ್ರ. ಪೂರ್ತಿ ಬರಿದು ಮಾಡಿದರೆ ದೇಹ ಮತ್ತೆ ತುಂಬಿಸುತ್ತದೆ. ಒಳಗೆ ಹಾಲು ಉಳಿದರೆ ತಾನೇ ಉತ್ಪತ್ತಿ ಕಡಿಮೆ ಮಾಡುತ್ತದೆ. ಬಿಸಿನೀರು ಎದೆಗೆ ಹುಯ್ದುಕೊಂಡರೂ ಹಾಲು ಸುರಿಯುತ್ತದೆ, ಆ ದಿನಗಳಲ್ಲಿ ಬೆನ್ನಿಗೆ ಹುಯ್ದುಕೊಂಡರೆ ಸಾಕು.

ನಿಧಾನವಾಗಿ ಬಿಡಿಸಿದರೂ ತಪ್ಪದ್ದು ಕೆಲವಿವೆ. ಎದೆ ಜೋತು ಬಿದ್ದು ಬರಿದಾದಂತೆ ಕಂಡಿತು, ಆಮೇಲೆ ಸ್ವಲ್ಪ ತುಂಬಿಕೊಂಡಿತು. ಒತ್ತಿದರೆ ಒಂದೆರಡು ಹನಿ ತಿಂಗಳುಗಟ್ಟಲೆ ಬರುತ್ತಿತ್ತು. ಕಾರಣವಿಲ್ಲದೆ ಅಳು ಬರುತ್ತಿತ್ತು, ಇದು ಮಾತ್ರ ಮಗಳ ಸಲ ಬಹಳ ಜಾಸ್ತಿ. ಹಾರ್ಮೋನ್ ಒಮ್ಮೆಲೇ ಇಳಿದರೆ ಹಾಗಾಗುತ್ತದಂತೆ. ವಾರಗಟ್ಟಲೆ ಮನಸ್ಸು ಕುಸಿದೇ ಇದ್ದರೆ ಡಾಕ್ಟರಿಗೆ ಹೇಳಿ. ಎದೆಯ ಮೇಲೆ ಕೆಂಪಗೆ, ಬಿಸಿಯಾಗಿ, ಜ್ವರ ನಡುಕ ಬಂತೆಂದರೆ ಕೋಸು ಗೀಸು ಬದಿಗಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ.