ಮ್ಯಾರಥಾನ್‌ಗೆ ಕೋಚ್: ಊರಿನವರಾ, ಆನ್‌ಲೈನಾ?

ಕಾರವಾರದಲ್ಲಿದ್ದುಕೊಂಡು ಮೊದಲ ಮ್ಯಾರಥಾನ್‌ಗೆ, ಅಂದರೆ 42.195 ಕಿ.ಮೀ.ಗೆ, ಯಾವ ಕೋಚ್ ಅಂತ ಕೇಳಿದ್ದೀರಿ.

ಖರ್ಚು ಕೋಚ್‌ನಿಂದ ಕೋಚ್‌ಗೆ ಬೇರೆ. ಆನ್‌ಲೈನ್ ಆದರೆ ಫೀಸಿನ ಜೊತೆ ಓಟ ಅಳೆಯಲು ಜಿಪಿಎಸ್ ವಾಚೋ ಫೋನ್ ಆ್ಯಪೋ ಬೇಕಾಗುತ್ತದೆ.

ಟಾಗೋರ್ ಬೀಚ್‌ನಲ್ಲಿ ಎದುರು ನಿಂತು ನೋಡುವ ಊರಿನ ಕೋಚ್ ಹೆಜ್ಜೆ ತಪ್ಪಿದರೆ ಅಲ್ಲೇ ತಿದ್ದುತ್ತಾರೆ, ವಿಡಿಯೋ ಕಳಿಸಿ ಕಾಯಬೇಕಿಲ್ಲ. ಆದರೆ ಒಂದು ಮಾತು ಕೇಳಿ ನೋಡಿ: ಅವರು ಓಡಿಸಿದ್ದು 400 ಮೀಟರೋ, ದೂರದ ಓಟವೋ? ದೂರದ ತಯಾರಿಯಲ್ಲಿ ಜಾಸ್ತಿ ಪಾಲು ಮಾತಾಡಿಕೊಂಡು ಓಡುವಷ್ಟು ನಿಧಾನ ಇರಬೇಕು. ದಿನಾ ಏದುಸಿರು ಬಿಡಿಸುವವರಾದರೆ ಸುಮ್ನೆ ಮಂಡಿ ನೋವು, ಅಷ್ಟೇ.

ನಮ್ಮ ಸೆಕೆ ಬೇರೆ ಇದೆಯಲ್ವಾ! ಬೆವರು ಆರುವುದಿಲ್ಲ, ಅದೇ ವೇಗದಲ್ಲಿ ಓಡಿದರೂ ಎದೆಬಡಿತ ಏರುತ್ತದೆ. ಬೆಂಗಳೂರಲ್ಲಿ ಕೂತವರು ಕೊಟ್ಟ ವೇಗವನ್ನು ಏಪ್ರಿಲ್‌ನಲ್ಲಿ ಹಿಡಿಯಲು ಹೋಗಿ ನಾನು ಅರ್ಧದಲ್ಲೇ ಕೂತಿದ್ದೆ. ವೇಗದ ಬದಲು ಶ್ರಮ ನೋಡಿ ಪ್ಲಾನ್ ಬದಲಿಸುವವರಾದರೆ ಆನ್‌ಲೈನ್ ಪರವಾಗಿಲ್ಲ.

ಹೊಸಬರಿಗೆ, ಹಳೇ ನೋವಿದ್ದವರಿಗೆ ಊರಿನವರು. ಕೈಗಾದಲ್ಲಿ ಶಿಫ್ಟ್ ಕೆಲಸ, ಎರಡು ಮೂರು ಹಾಫ್ ಮ್ಯಾರಥಾನ್ ಓಡಿದ ಅನುಭವ ಇದ್ದರೆ ಆನ್‌ಲೈನ್. ಶಿರಸಿಯವರಾದರೆ ಕುಮಟಾ ದಾರಿಯ ದೇವಿಮನೆ ಘಟ್ಟದ ಏರು ಗೊತ್ತಿರುವವರನ್ನೇ ಹುಡುಕಿ. ಯಾರೇ ಆಗಲಿ, ಮೊದಲು ಒಂದೇ ತಿಂಗಳ ಫೀಸು ಕೊಡಿ.