ರಿವಾಲ್ವರ್‌ಗೆ ಪೂರ್ತಿ ನಿಕಲ್ ಹೊಡೆಸಬೇಡಿ

ಪುನರ್ವಸು ಮಳೆ ಹಿಡಿದರೆ ಮೂಡಿಗೆರೆ ಕಡೆ ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಬರುತ್ತದೆ. ಕೋವಿಗೆ ತುಕ್ಕು ಹಿಡಿಯದೆ ಇರುತ್ತದೆಯೇ? ಅದಕ್ಕೇ ಹೆದರಿ ತೋಟದ ಮಾಲೀಕರೊಬ್ಬರು ತಮ್ಮ .32 ರಿವಾಲ್ವರ್ ಬಿಚ್ಚಿಸಿ, ಬೈಕ್ ಸಾಮಾನಿಗೆ ಪ್ಲೇಟಿಂಗ್ ಮಾಡುವ ಅಂಗಡಿಯಲ್ಲಿ ಒಂದು ಬಿಡಿಭಾಗವನ್ನೂ ಬಿಡದೆ ನಿಕಲ್ ಹೊಡೆಸಿದರು. ಜೋಡಿಸಿದ ಮೂರನೇ ದಿನ, ಹ್ಯಾಮರನ್ನು (ಗುಂಡು ಸಿಡಿಸಲು ಬಡಿಯುವ ಭಾಗ) ಮುಂದಕ್ಕೆ ತಳ್ಳುವ ಮೈನ್ ಸ್ಪ್ರಿಂಗ್ ಎರಡು ತುಂಡಾಯಿತು. ಸಿಲಿಂಡರಿನೊಳಗೆ ಕಾಡತೂಸು ಅರ್ಧಕ್ಕೇ ನಿಂತಿತು.

ಸ್ಪ್ರಿಂಗ್ ಮುರಿದದ್ದು ಹೈಡ್ರೋಜನ್‌ನಿಂದ. ಆಸಿಡ್‌ನಲ್ಲಿ ತೊಳೆಯುವಾಗ, ಪ್ಲೇಟಿಂಗ್ ತೊಟ್ಟಿಯಲ್ಲಿ ಕರೆಂಟ್ ಹರಿಯುವಾಗ ಹೈಡ್ರೋಜನ್ ಗಟ್ಟಿ ಉಕ್ಕಿನೊಳಕ್ಕೆ ಸೇರಿ ಅದನ್ನು ಪೆಡಸು ಮಾಡುತ್ತದೆ. ಕಣ್ಣಿಗೆ ಏನೂ ಕಾಣಿಸುವುದಿಲ್ಲ. ಬಿಗಿ ಬಿದ್ದ ಮೇಲೆ ಗಂಟೆಗಳಲ್ಲೋ ದಿನಗಳಲ್ಲೋ ಮುರಿಯುತ್ತದೆ. ಪ್ಲೇಟಿಂಗ್ ಮುಗಿದ 4 ಗಂಟೆಯೊಳಗೆ 190ರಿಂದ 220 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿಟ್ಟು 8 ಗಂಟೆಗೂ ಹೆಚ್ಚು ಕಾಯಿಸಿದರೆ ಆ ಹೈಡ್ರೋಜನ್ ಹೊರಬರುತ್ತದೆ. ಆ ಅಂಗಡಿಯಲ್ಲಿ ಒಲೆಯೇ ಇರಲಿಲ್ಲ. ಒಲೆ ಇದ್ದರೂ ಮೈನ್ ಸ್ಪ್ರಿಂಗ್, ಟ್ರಿಗರ್ ಸ್ಪ್ರಿಂಗ್, ಫೈರಿಂಗ್ ಪಿನ್ ಇವುಗಳನ್ನು ತೊಟ್ಟಿಗೆ ಇಳಿಸಲೇಬೇಡಿ. ತೆಳುವಾಗಿ ಎಣ್ಣೆ ಸವರಿದರೆ ಸಾಕು.

ಇನ್ನೊಂದು ಅಳತೆಯ ವಿಷಯ. ಒಂದು ಮೈಮೇಲೆ ಲೇಪ 25 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಕೂತರೆ ತೂತಿನ ವ್ಯಾಸ 50 ಮೈಕ್ರಾನ್ ಕಿರಿದಾಗುತ್ತದೆ. ಕರೆಂಟ್ ಪ್ಲೇಟಿಂಗ್ ಎಲ್ಲ ಕಡೆ ಸಮನಾಗಿಯೂ ಕೂರುವುದಿಲ್ಲ: ಅಂಚಿನಲ್ಲಿ ದಪ್ಪ, ಒಳಮೂಲೆಯಲ್ಲಿ ತೆಳು. ಕಾಡತೂಸು ಸಿಕ್ಕಿಕೊಂಡದ್ದು ಹಾಗೆ ದಪ್ಪವಾದ ಬಾಯಂಚಿನಲ್ಲೇ. ಚೇಂಬರ್ (ಸಿಲಿಂಡರಿನಲ್ಲಿ ಕಾಡತೂಸು ಕೂರುವ ತೂತು) ಮತ್ತು ನಳಿಗೆಯ ಒಳಮೈಗೆ ಬಿಗಿಯಾಗಿ ಬಿರಡೆ ಹಾಕಿಸಿ. ಹ್ಯಾಮರಿನ ಕಚ್ಚು, ಅದನ್ನು ಹಿಡಿಯುವ ಟ್ರಿಗರಿನ ಮೂತಿ, ಇವೆರಡರ ಮೇಲೆ ಲೇಪ ಕೂರಲೇಬಾರದು. ಅಲ್ಲಿ ಒಂದು ಚಕ್ಕೆ ಎದ್ದರೂ ಎಳೆದಿಟ್ಟ ಹ್ಯಾಮರ್ ತಾನಾಗಿ ಜಾರಬಹುದು. ಜೀವಕ್ಕೇ ಅಪಾಯ ಇದು.

ಹಾಗಾದರೆ ಯಾವುದಕ್ಕೆ ಮಾಡಿಸಬೇಕು? ಫ್ರೇಮ್, ನಳಿಗೆ, ಸಿಲಿಂಡರ್ ಇವುಗಳ ಹೊರಮೈ, ಟ್ರಿಗರ್ ಗಾರ್ಡ್. ಮುಖ್ಯವಾಗಿ ಹಿಡಿಯ ಮರದ ಕೆಳಗಿನ ಉಕ್ಕು: ಬೆವರು ಇಳಿದು ನಿಲ್ಲುವುದು ಅಲ್ಲೇ, ಮರ ಬಿಚ್ಚಿ ನೋಡುವವರು ಕಡಿಮೆ. ಕರೆಂಟಿಲ್ಲದ, ರಾಸಾಯನಿಕ ದ್ರಾವಣದ ನಿಕಲ್ ಮೂಲೆಮೂಲೆಗೂ ಸಮನಾಗಿ ಕೂರುತ್ತದೆ, ನಮ್ಮ ಮಲೆನಾಡಿಗೆ ಅದೇ ಒಳ್ಳೆಯದು. ಹಾರ್ಡ್ ಕ್ರೋಮ್ ಸವೆತಕ್ಕೆ ಗಟ್ಟಿ, ಆದರೆ ಅದರಲ್ಲಿ ಕೂದಲೆಳೆಗಿಂತ ಸಣ್ಣ ಬಿರುಕುಗಳಿರುವುದರಿಂದ ಎಣ್ಣೆ ತಪ್ಪಿಸುವಂತಿಲ್ಲ. ನಿಕಲ್ ಅಡಿಯಲ್ಲಿ ತಾಮ್ರದ ಪದರ ಹಾಕಿದ್ದರೆ ಅಮೋನಿಯಾ ಇರುವ ಕ್ಲೀನರ್ ಬಳಸಬೇಡಿ. ತಾಮ್ರ ಕರಗಿ ನಿಕಲ್ ಹೊಟ್ಟಿನಂತೆ ಏಳುತ್ತದೆ.

ಪಾಲಿಶ್ ಚಕ್ರಕ್ಕೆ ಕೊಡುವ ಮುಂಚೆ ಕೋವಿಯ ಗುರುತಿನ ನಂಬರ್ ಇರುವ ಜಾಗಕ್ಕೆ ಟೇಪ್ ಸುತ್ತಿಸಿ. ಈ ರಿವಾಲ್ವರಿನಲ್ಲಿ ಕೊನೆಯ ಎರಡು ಅಂಕಿ ಮಾಸಿಹೋಗಿದ್ದವು. 1959ರ ಆಯುಧ ಕಾಯ್ದೆಯಡಿ ನಂಬರ್ ಅಳಿಸುವುದು ಅಪರಾಧ. ರಿಪೇರಿ ಮಾಡುವವರಿಗೂ ಲೈಸೆನ್ಸ್ ಇರಬೇಕು, ಹಾಗಾಗಿ ಲೈಸೆನ್ಸ್ ಇರುವ ಕೋವಿ ಅಂಗಡಿಯ ಮೂಲಕವೇ ಕೊಟ್ಟು ರಸೀದಿ ಪಡೆಯಿರಿ.

ವಾಪಸ್ ಬಂದ ಮೇಲೆ ಚರ್ಮದ ಚೀಲದಲ್ಲಿ ಇಡಬೇಡಿ, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ. ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬೀಗ ಹಾಕಿಡಿ.